ಮೊದಲ ಹೆಂಡತಿಯ ಪಾತ್ರ

ನಮ್ಮೂರಿನ ಚಂದ್ರೋದಯ ಟಾಕೀಸಿನಲ್ಲಿ ಯಾವ ಸಿನಿಮಾ ಹಾಕಿದರೂ ಅದರಲ್ಲಿ ಪಾತ್ರ ಮಾಡುವವರು ನಮ್ಮೂರಿನವರೇ. ಡಬ್ಬದಲ್ಲಿ ಬರುವ ರೀಲು ಎಲ್ಲ ಊರಿಗೂ ಹೋಗುವ ರೀಲೇ. ಹೊರಗೆ ಅಂಟಿಸುವ ಪೋಸ್ಟರಿನಲ್ಲಿ ಇರುವುದು ಬೇರೆ ಯಾರದೋ ಮುಖ. ಒಳಗೆ ದೀಪ ಆರಿ ಪರದೆ ಬೆಳಗಿತೆಂದರೆ ಕುದುರೆ ಏರಿ ಬರುವವನು ಸೊಸೈಟಿ ಗುಮಾಸ್ತ, ಅವನಿಗಾಗಿ ಬೆಟ್ಟದ ಮೇಲೆ ನಿಂತು ಹಾಡುವವಳು ಹೂವಿನ ತಾಯಮ್ಮನ ಮಗಳು. ಅವರು ಕುದುರೆ ಏರಿದ್ದು, ಬೆಟ್ಟ ಹತ್ತಿದ್ದು ಅವರಿಗೇ ಗೊತ್ತಿರುವುದಿಲ್ಲ. ಎಲ್ಲರ ಜೊತೆ ಕೂತು, ಎಲ್ಲರ ಹಾಗೆ ಮೊದಲ ಸಲ ನೋಡುತ್ತಾರೆ.

ಇದಕ್ಕೆ ನಾವು ಹೊಂದಿಕೊಂಡಿದ್ದೆವು. ಪಾತ್ರ ಬಂದವರಿಗೆ ಆ ಸಿನಿಮಾ ಇರುವಷ್ಟು ದಿನ ಬಾಲ್ಕನಿಯಲ್ಲಿ ಪುಕ್ಕಟೆ ಸೀಟು. ಕ್ಲಬ್ಬಿನ ಹಾಡಿಗೆ ಕುಣಿದ ಅರ್ಚಕ ಶಾಮಭಟ್ಟರು ಮಾರನೆಯ ಬೆಳಿಗ್ಗೆ ಎಂದಿನಂತೆ ಮಂಗಳಾರತಿ ಎತ್ತಿದರು. ತೀರ್ಥಕ್ಕೆ ಕೈಯೊಡ್ಡಿದವರು ಕೆಲವು ದಿನ ಅವರ ಸೊಂಟದ ಕಡೆ ನೋಡಿ ನಗು ತಡೆದುಕೊಂಡರು, ಆಮೇಲೆ ಮರೆತರು. ಕಳ್ಳನ ಪಾತ್ರ ಬಂದ ಹೆಡ್ ಕಾನ್‌ಸ್ಟೇಬಲ್ ಮಾತ್ರ ವರ್ಗ ಮಾಡಿಸಿಕೊಂಡು ಹೋದ. ಯಾಕೆ ಹೀಗೆ ಎಂದು ಕೇಳುವವರು ಊರಿಗೆ ಹೊಸಬರು. ನಾವು ಕೇಳುತ್ತಿದ್ದದ್ದು ಈ ಸಲ ಯಾರು ಅಂತ, ಅಷ್ಟೇ.

ಆ ಮಾತೆಲ್ಲ ನಡೆಯುತ್ತಿದ್ದದ್ದು ನಮ್ಮ ಸೋಡಾ ಅಂಗಡಿಯ ಮುಂದೆ. ಟಾಕೀಸಿನ ಗೇಟಿಗೆ ನೇರ ಎದುರು. ನಮ್ಮಪ್ಪ ಇಟ್ಟದ್ದು. ಗಂಡುಮಕ್ಕಳಿಲ್ಲದ್ದರಿಂದ ನನಗೆ ಬಂತು, ನನ್ನ ಜೊತೆಗೆ ಮನೆಯಳಿಯನಿಗೂ ಬಂತು. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎನ್ನುವವರ ಮನೆಯಲ್ಲಿ ಬೆಳೆದವಳು ನಾನು. ಈಗ ಹೇಳಲು ನನಗೇನೂ ಅಡ್ಡಿಯಿಲ್ಲ. ನರಹರಿ. ಅವರು ಮೆಷಿನ್ ತಿರುಗಿಸಿ ಗ್ಯಾಸ್ ತುಂಬುತ್ತಿದ್ದರು, ನಾನು ಬಾಟಲಿ ತೊಳೆದು, ನಿಂಬೆಹಣ್ಣು ಹಿಂಡಿ ಕೊಡುತ್ತಿದ್ದೆ. ಮಾತು ಕಡಿಮೆ. ಊಟಕ್ಕೆ ಕರೆದರೆ 'ಬಂದೆ', ಊಟ ಆದರೆ 'ಸಾಕು'. ಕೆಟ್ಟವರಲ್ಲ. ಮಕ್ಕಳಾಗಲಿಲ್ಲ ಎಂದು ಒಂದು ದಿನವೂ ಎತ್ತಿ ಆಡಿದವರಲ್ಲ.

ಮಾತಿಗೆ ಬರ ಇರಲಿಲ್ಲ, ಅಂಗಡಿ ಮುಂದಿನ ಬೆಂಚು ಇತ್ತಲ್ಲ. ವಿಮೆ ಏಜೆಂಟ್ ಪರಮೇಶಿ, ಸೈಕಲ್ ಶಾಪಿನ ಹುಸೇನಣ್ಣ ಇಬ್ಬರೂ ಸಂಜೆಯಾದರೆ ಅಲ್ಲಿ ಹಾಜರ್.

"ವಿಲನ್ ಅಂದ್ರೆ ಪೋಸ್ಟಿನ ಚೆಲುವಯ್ಯನೇ ಕಣ್ರೀ," ಎನ್ನುತ್ತಿದ್ದ ಪರಮೇಶಿ. "ಕಾಗದ ಕೊಡೋವಾಗ ಎಷ್ಟು ಸಾಧು! ಪರದೆ ಮೇಲೆ ಹುಬ್ಬು ಎತ್ತಿದ್ನೋ, ಹೆಂಗಸ್ರು ಮಕ್ಕಳನ್ನ ಸೆರಗಿನೊಳಗೆ ಎಳ್ಕೋತಾರೆ."

"ಹುಬ್ಬು ಸರಿ. ಓಡಕ್ಕೆ ಬರಲ್ಲ," ಎನ್ನುತ್ತಿದ್ದರು ಹುಸೇನಣ್ಣ. "ಆ ದರೋಡೆ ಸಿನಿಮಾದಲ್ಲಿ ನೋಡು. ಹೀರೋ ಅಟ್ಟಿಸ್ಕೊಂಡು ಬರ್ತಿದ್ರೆ ಇವನು ಒಂದೊಂದು ಮನೆ ಮುಂದೆ ನಿಂತು ನಿಂತು ಓಡ್ತಾನೆ."

ಹಲ್ಲಿಲ್ಲದ ದಾಸಜ್ಜಿಗೆ ಕಾಲೇಜು ಹುಡುಗಿಯ ಪಾತ್ರ ಬಂದ ಸಿನಿಮಾ ಒಂದಿತ್ತು. ಬೇರೆಲ್ಲೂ ಓಡದ ಆ ಸಿನಿಮಾವನ್ನು ನಮ್ಮೂರಲ್ಲಿ ಪ್ರತಿ ದೀಪಾವಳಿಗೂ ಹಾಕಬೇಕಿತ್ತು. ಎರಡು ಜಡೆ ಹಾಕಿಕೊಂಡ ಅಜ್ಜಿ ಸೈಕಲ್ ಮೇಲೆ ಬಂದು "ನಂಗಿನ್ನೂ ಮದುವೆ ಬೇಡಪ್ಪಾ" ಎಂದಾಗ ಇಡೀ ಟಾಕೀಸು ಅವಳ ಜೊತೆ ಹೇಳುತ್ತಿತ್ತು. ಅಜ್ಜಿ ತೀರಿಕೊಂಡ ಮೇಲೂ ಹಾಕಿದರು, ಆಗಲೂ ಸಿಳ್ಳೆ ಹೊಡೆದರು. ನಾನೂ ಹೇಳಿದ್ದೇನೆ, ನಾನೂ ನಕ್ಕಿದ್ದೇನೆ. ನಮ್ಮ ಮನೆಗೆ ಅಲ್ಲಿಂದ ಏನೂ ಬಂದಿರಲಿಲ್ಲ. ನರಹರಿ ಒಮ್ಮೆ ಯುದ್ಧದ ಸಿನಿಮಾದಲ್ಲಿ ಹೆಣವಾಗಿ ಬಿದ್ದಿದ್ದರು. ನನ್ನ ಮುಖ ಜಾತ್ರೆಯ ಗುಂಪಿನಲ್ಲೂ ಕಂಡದ್ದಿಲ್ಲ.

ಆಮೇಲೆ 'ಹದಿನೆಂಟನೇ ಹುಣ್ಣಿಮೆ' ಬಂತು. ಪಕ್ಕದ ಊರಿನಲ್ಲಿ ಒಂದೇ ವಾರಕ್ಕೆ ಎತ್ತಿದ ಸಿನಿಮಾ ಎಂದು ಯಾರಿಗೂ ಅದರ ಮೇಲೆ ಆಸೆ ಇರಲಿಲ್ಲ. ಮೊದಲ ದಿನ ಮಧ್ಯಾಹ್ನದ ಆಟದ ಇಂಟರ್ವಲ್ಲಿಗೆ ಗೇಟು ತೆರೆಯಿತು. ಯಾವಾಗಲೂ ನುಗ್ಗಿ ಬಂದು ಬಾಟಲಿಗೆ ಕೈ ಹಾಕುವ ಜನ ಅವತ್ತು ರಸ್ತೆಯ ಆ ಬದಿಯಲ್ಲೇ ನಿಂತು ನಮ್ಮ ಕಡೆ ನೋಡುತ್ತಿದ್ದರು. ನರಹರಿ ಬನಿಯನ್ ಹಾಕಿಕೊಂಡು ಮೆಷಿನ್ ತಿರುಗಿಸುತ್ತಿದ್ದರು. ಪರಮೇಶಿ ಗುಂಪು ಸೀಳಿಕೊಂಡು ಬಂದವನೇ ಅವರ ಎರಡೂ ಕೈ ಹಿಡಿದುಕೊಂಡ.

"ಏನು ನರಹರಿ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ?"

"ಏನನ್ನ?" ಎಂದರು ಅವರು.

ಸಂಜೆ ಆಟಕ್ಕೆ ಅಂಗಡಿ ಮುಚ್ಚಿ ಇಬ್ಬರೂ ಹೋದೆವು. ನದಿಯ ದಂಡೆಯ ಮೇಲೆ ನನ್ನ ಗಂಡ ಓಡಿ ಬರುತ್ತಿದ್ದರು. ಬಿಳಿ ಪಂಚೆ, ಹಣೆಗೆ ಬಿದ್ದ ಕೂದಲು. ನೀರಿನಲ್ಲಿ ಮೊಣಕಾಲವರೆಗೆ ನಿಂತವಳು ಗರ್ಲ್ಸ್ ಸ್ಕೂಲಿನ ಹಿಂದಿ ಟೀಚರ್ ಜಲಜಾಕ್ಷಿ. ಇಪ್ಪತ್ತೈದರ ಆಸುಪಾಸಿನ ಹುಡುಗಿ, ಅಂಗಡಿ ಮುಂದೆ ಕೊಡೆ ಹಿಡಿದು ತಲೆ ತಗ್ಗಿಸಿ ಹೋಗುವವಳು. ಅವಳನ್ನು ಅವರು ನೋಡಿದರು. ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಅದು ನಿಜ. ಆಶ್ಚರ್ಯವಾಯಿತು. ಈ ಮನುಷ್ಯನ ಕಣ್ಣಿಗೆ ಹಾಗೂ ನೋಡಲು ಬರುತ್ತದೆ ಎಂದು ಇಷ್ಟು ವರ್ಷ ಒಂದೇ ಚಾಪೆಯ ಮೇಲೆ ಮಲಗಿಯೂ ನನಗೆ ಗೊತ್ತಾಗಿರಲಿಲ್ಲ.

ಮನೆಗೆ ಬರುವಾಗ ಅವರೇ ಹೇಳಿದರು, "ಅದು ನಾನಲ್ಲ ಕಣೇ."

"ಗೊತ್ತು," ಎಂದೆ.

ಸಿನಿಮಾ ಒಂದು ವರ್ಷ ಓಡಿತು. ಸುತ್ತಲಿನ ಊರುಗಳಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬಂದರು. ಬಂದವರು ನರಹರಿ ಕೈಯಿಂದಲೇ ಸೋಡಾ ಕುಡಿಯಬೇಕು, ನಾನು ಗೋಲಿ ಒತ್ತಿ ಕೊಟ್ಟರೆ ಬೇಡ. ಕಾಲೇಜು ಹುಡುಗರು ಅವರ ಹಾಗೆ ಕೂದಲು ಬಿಟ್ಟರು. ಜಲಜಾಕ್ಷಿ ಸ್ಕೂಲಿಗೆ ಹೋಗುವ ದಾರಿಯಲ್ಲಿ ಹುಡುಗರು ನದಿಯ ಹಾಡನ್ನು ಸಿಳ್ಳೆಯಲ್ಲಿ ಹೇಳುತ್ತಿದ್ದರು. ಅವಳಿಗೆ ದೂರದ ಊರಿನ ಒಂದು ಸಂಬಂಧ ಗಟ್ಟಿಯಾಗಿತ್ತು. ಹುಡುಗನ ಕಡೆಯವರು ಸೀರೆ ಜವಳಿ ಮಾತಾಡಲು ಬಂದವರು, ಬಂದದ್ದು ಬಂದೆವು ಎಂದು ಸಿನಿಮಾಕ್ಕೆ ಹೋದರು. ಮಾರನೆಯ ದಿನ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದರು.

ಆ ವಾರವೇ ಜಲಜಾಕ್ಷಿ ಅಂಗಡಿಗೆ ಬಂದಳು. ಮಧ್ಯಾಹ್ನದ ಬಿಸಿಲು, ಒಳಗೆ ಆಟ ನಡೆಯುತ್ತಿತ್ತು, ರಸ್ತೆಯಲ್ಲಿ ಜನ ಇರಲಿಲ್ಲ. ನರಹರಿ ನಿಂಬೆಹಣ್ಣು ತರಲು ಸಂತೆಗೆ ಹೋಗಿದ್ದರು.

"ನಿಮ್ಮ ಯಜಮಾನ್ರ ಹೆಸರು ಕೂಡ ನನಗೆ ಗೊತ್ತಿರಲಿಲ್ಲ ಅಕ್ಕಾ," ಎಂದಳು. "ಪೋಸ್ಟರ್ ನೋಡಿ ತಿಳ್ಕೊಳ್ಳೋಣ ಅಂದ್ರೆ ಅದರಲ್ಲೂ ಇಲ್ಲ."

"ಕೂತ್ಕೋ. ಬಿಸಿಲಲ್ಲಿ ಬಂದಿದ್ದೀಯ."

ಅವಳು ಕೂರಲಿಲ್ಲ. "ಹುಡುಗನ ಅಮ್ಮ ನನ್ನ ಕೇಳಿದ್ರು, ನದಿಯಲ್ಲಿ ಸೀರೆ ಯಾಕೆ ಅಷ್ಟು ಎತ್ತಿದ್ದೆ ಅಂತ. ನಾನು ಆ ನದಿ ನೋಡೇ ಇಲ್ಲ ಅಂದೆ. ನಮ್ಮೂರಲ್ಲಿ ನದಿನೇ ಇಲ್ಲ ಅಂದೆ. ಅವರು ನಗಲೂ ಇಲ್ಲ."

ನಾನು ಅವಳಿಗೆ ಷರಬತ್ತು ಮಾಡಿಕೊಟ್ಟೆ. ಅಷ್ಟು ಹೊತ್ತಿಗೆ ಇಂಟರ್ವಲ್ಲಿನ ಗಂಟೆ ಬಾರಿಸಿತು. ಹೊರಗೆ ಬಂದ ಜನ ನನ್ನ ಅಂಗಡಿಯಲ್ಲಿ ಅವಳು ನಿಂತಿದ್ದನ್ನು ನೋಡಿ ಹೋ ಎಂದು ಕೂಗಿದರು. ಯಾರೋ ಹೂವು ಎಸೆದರು. ಅವಳು ಲೋಟ ಇಟ್ಟು ಓಡಿದಳು. ಆಮೇಲೆ ಆ ರಸ್ತೆಯಲ್ಲಿ ಬರುವುದನ್ನೇ ಬಿಟ್ಟಳು.

ನರಹರಿ ಬದಲಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಮೊದಲು ವಾರಕ್ಕೊಮ್ಮೆ ಸಿನಿಮಾ ನೋಡುತ್ತಿದ್ದರು, ಆಮೇಲೆ ದಿನಾ. ಪುಕ್ಕಟೆ ಸೀಟು ತಾನೇ ಎನ್ನುತ್ತಿದ್ದರು. ಹಣೆಯ ಮೇಲೆ ಕೂದಲು ಇಳಿಬಿಟ್ಟರು. ಒಂದು ದಿನ ಬೆಂಚಿನ ಮೇಲೆ ಕೂತ ಪರ ಊರಿನವರಿಗೆ ಅವರು ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು: "ನೀರು ಮಂಜಿನ ಥರ ಇತ್ತು ಸ್ವಾಮೀ. ಕಾಲು ಮರಗಟ್ಟಿ ಹೋಗಿತ್ತು. ಆದ್ರೂ ಅವಳು ಬಿಡಲಿಲ್ಲ, ಇನ್ನೊಂದು ಸಲ ಓಡಿ ಬನ್ನಿ ಅಂದ್ಳು." ಹುಸೇನಣ್ಣ ನರಹರಿ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ಬಾಟಲಿ ತೊಳೆಯುತ್ತಲೇ ಇದ್ದೆ.

'ಅಕ್ಕ ಕೊಟ್ಟ ಸೀರೆ' ಬಂದದ್ದು ಅದರ ಮುಂದಿನ ವರ್ಷ. ಮತ್ತೆ ಅದೇ ಜೋಡಿ. ಈ ಸಲ ನಾನೂ ಇದ್ದೆ.

ಕಥೆಯಲ್ಲಿ ಒಬ್ಬ ಸಂಗೀತಗಾರ, ಅವನಿಗೊಬ್ಬಳು ಶಿಷ್ಯೆ. ಅವನ ಮೊದಲ ಹೆಂಡತಿಗೆ ಎದೆಯ ಕಾಯಿಲೆ. ಗಂಡನ ಮನಸ್ಸು ಶಿಷ್ಯೆಯ ಮೇಲಿರುವುದು ಅವಳಿಗೆ ತಿಳಿಯುತ್ತದೆ. ತನ್ನ ಧಾರೆಯ ಸೀರೆಯನ್ನು ತಾನೇ ತೆಗೆದು ಅವಳಿಗೆ ಉಡಿಸಿ, ಇಬ್ಬರ ಕೈ ಸೇರಿಸಿ, ತಾಳಿ ಬೀಳುವ ಹೊತ್ತಿಗೆ ನಗುನಗುತ್ತಾ ಕಂಬಕ್ಕೆ ಒರಗಿ ಪ್ರಾಣ ಬಿಡುತ್ತಾಳೆ. ಆ ಕಂಬಕ್ಕೆ ಒರಗಿದವಳು ನಾನು. ಅಷ್ಟು ದೊಡ್ಡದಾಗಿ ನನ್ನ ಮುಖ ನಾನೆಂದೂ ನೋಡಿರಲಿಲ್ಲ. ತುಟಿಯ ಮೇಲಿನ ಮಚ್ಚೆ ಅಂಗೈಯಗಲ ಇತ್ತು. ನನ್ನ ಸುತ್ತ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದರು. ಹಿಂದಿನ ಸಾಲಿನವಳೊಬ್ಬಳು ಬಗ್ಗಿ ನನ್ನ ಕಾಲು ಮುಟ್ಟಿದಳು.

ಮರುದಿನ ಹುಸೇನಣ್ಣ ಹೇಳಿದರು, "ಬಹಳ ಚೆನ್ನಾಗಿ ಮಾಡಿದ್ದೀರಮ್ಮ."

"ನಾನೇನೂ ಮಾಡಿಲ್ಲ ಹುಸೇನಣ್ಣ," ಎಂದೆ. ಅವರು ತಲೆಯಾಡಿಸಿದರು, ಅವರಿಗೆ ಅರ್ಥವಾಯಿತು. ಪಕ್ಕದಲ್ಲಿದ್ದ ಪರಮೇಶಿಗೆ ಆಗಲಿಲ್ಲ. "ನೋಡಿ, ಎಂಥ ವಿನಯ!" ಎಂದ.

ಜನ ನನ್ನನ್ನು ಪ್ರೀತಿಸತೊಡಗಿದರು. ನಿಜವಾದ ಪ್ರೀತಿ. ಸಾಲಿನಲ್ಲಿ ನಿಂತರೆ ಮುಂದೆ ಬಿಡುತ್ತಿದ್ದರು. ಮದುವೆಯಾದ ಹುಡುಗಿಯರು ಆಶೀರ್ವಾದಕ್ಕೆ ಬರುತ್ತಿದ್ದರು. ಮನೆ ಮನೆಯಿಂದ ಕಷಾಯ ಬರುತ್ತಿತ್ತು. "ಕೆಮ್ಮು ಹೇಗಿದೆ ಅಂಬುಜಕ್ಕಾ?" ಎಂದು ಕೇಳುತ್ತಿದ್ದರು. ನನಗೆ ಕೆಮ್ಮು ಇಲ್ಲ ಎಂದರೆ ಕಣ್ಣಲ್ಲಿ ನೀರು ತುಂಬಿಕೊಂಡು, "ನೀವು ಯಾವತ್ತು ಹೇಳ್ಕೊಂಡಿದ್ದೀರಿ!" ಎನ್ನುತ್ತಿದ್ದರು. ಮೆಲ್ಲಗೆ ಮಾತು ಬೇರೆ ಕಡೆ ತಿರುಗಿತು. ಟೀಚರ್ ಹುಡುಗಿ ಪಾಪ, ನರಹರಿ ಹೆಸರಿನಿಂದಲೇ ಅವಳ ಮದುವೆ ನಿಂತಿತು. ಮಕ್ಕಳಿಲ್ಲದ ಮನೆ. ಅಕ್ಕನ ಮನಸ್ಸು ದೊಡ್ಡದು.

ಒಂದು ಭಾನುವಾರ ಮಧ್ಯಾಹ್ನ ಪರಮೇಶಿ ನಾಲ್ಕಾರು ಜನರನ್ನು ಕಟ್ಟಿಕೊಂಡು ಅಂಗಡಿಗೆ ಬಂದ. ಗರ್ಲ್ಸ್ ಸ್ಕೂಲಿನ ಹೆಡ್‌ಮಾಸ್ಟರು, ಜಲಜಾಕ್ಷಿಯ ಸೋದರಮಾವ, ಹಿಂದೆ ಹುಸೇನಣ್ಣ. ನೋಡುನೋಡುತ್ತಾ ರಸ್ತೆ ತುಂಬಿತು.

"ಯಾರ ಬಲವಂತವೂ ಇಲ್ಲ ಅಕ್ಕಾ," ಎಂದು ಶುರು ಮಾಡಿದ ಪರಮೇಶಿ. "ಊರಿನ ಆಸೆ ಇದು. ಅಷ್ಟು ಚೆನ್ನಾಗಿ ಹೊಂದೋ ಜೋಡೀನ ದೇವರೇ ತೋರಿಸ್ತಾ ಇದ್ದಾನೆ. ನೀವು ಹೂಂ ಅಂದ್ರೆ ಸಾಕು. ಕಾನೂನು ಗೀನೂನು ನಾವು ನೋಡ್ಕೋತೀವಿ, ಊರೇ ಮುಂದೆ ನಿಂತ ಮೇಲೆ ಕೇಳೋರ್ಯಾರು?"

ನಾನು ನರಹರಿ ಕಡೆ ತಿರುಗಿದೆ. ಅವರು ಮೆಷಿನ್ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದರು.

"ನೀವು ಹೇಳಿ," ಎಂದೆ. "ಇವರು ಯಾರೂ ಬೇಡ. ನಿಮಗೇನು ಬೇಕು, ಅದನ್ನ ನಿಮ್ಮ ಬಾಯಲ್ಲಿ ಹೇಳಿ."

ಅವರು ನಿಧಾನವಾಗಿ ಮುಖ ಎತ್ತಿದರು. ಹಣೆಯ ಕೂದಲು ಸರಿಸಿದರು. ಒಂದು ಕ್ಷಣ ತಡೆದರು. ಎಷ್ಟು ತಡೆಯಬೇಕೋ ಅಷ್ಟೇ ತಡೆದರು. ಆಮೇಲೆ ನನಗೂ ಗೊತ್ತಿದ್ದ, ಇಡೀ ರಸ್ತೆಗೆ ಗೊತ್ತಿದ್ದ ಮಾತನ್ನು ಸಿನಿಮಾದಲ್ಲಿ ಹೇಳಿದ ಧಾಟಿಯಲ್ಲೇ ಹೇಳಿದರು: "ನೀನು ಹೆಂಡತಿಯಲ್ಲ. ನೀನು ದೇವತೆ."

ರಸ್ತೆ ತುಂಬ ಚಪ್ಪಾಳೆ. ಹೆಂಗಸರು ಅಳತೊಡಗಿದರು. ಆ ಗದ್ದಲದಲ್ಲಿ ನಾನು "ಇಲ್ಲ" ಎಂದೆ. ಮತ್ತೆ ಜೋರಾಗಿ "ನಾನು ಒಪ್ಪಲ್ಲ" ಎಂದೆ. ಹೆಡ್‌ಮಾಸ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ, "ದುಃಖ ನುಂಗಿಕೊಳ್ತಿದ್ದಾರೆ ತಾಯಿ," ಎಂದರು. ಹುಸೇನಣ್ಣ ಒಬ್ಬರು ಚಪ್ಪಾಳೆ ಹೊಡೆಯಲಿಲ್ಲ. ಸೈಕಲ್ ತಳ್ಳಿಕೊಂಡು ಹೊರಟುಹೋದರು.

ಮಾರನೆಯ ಬೆಳಿಗ್ಗೆ ನಾನೇ ಜಲಜಾಕ್ಷಿ ಮನೆಗೆ ಹೋದೆ. ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು.

"ಬೇಡ ಅಂತ ಹೇಳು," ಎಂದೆ. "ನಾನು ಅಂದೆ, ಯಾರಿಗೂ ಕೇಳಿಸಲಿಲ್ಲ. ನೀನು ಓದಿದವಳು, ನೀನು ಹೇಳು."

ಅವಳು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ನನ್ನನ್ನೇ ನೋಡಿದಳು. "ಅಂದೆ ಅಕ್ಕಾ. ಮಾವನ ಎದುರಿಗೆ ಅಂದೆ, ಹೆಡ್‌ಮಾಸ್ಟರ್ ಎದುರಿಗೆ ಅಂದೆ. ನಕ್ಕುಬಿಟ್ರು. ಸಿನಿಮಾದಲ್ಲೂ ನಾನು ಮೊದಲು ಬೇಡ ಅಂತೀನಲ್ಲ." ಬಕೆಟ್ಟು ಎತ್ತಿಕೊಂಡು, "ಅಮ್ಮನೂ ಸೋತಿದ್ದಾಳೆ. ಇನ್ನು ಯಾರು ಬರ್ತಾರೆ ನಿನ್ನ ಕೇಳ್ಕೊಂಡು ಅಂತಾಳೆ. ಅವಳ ಮುಂದೆ ನಾನೂ ಸೋತೆ," ಎಂದಳು.

ಮದುವೆ ಟಾಕೀಸಿನ ಅಂಗಳದಲ್ಲೇ ಆಯಿತು. ನನ್ನ ಧಾರೆಯ ಸೀರೆ ಕೇಳಿಕೊಂಡು ಹೆಂಗಸರು ಬಂದರು. ಅದನ್ನು ಯಾವತ್ತೋ ಹರಿದು ಕೌದಿಗೆ ಹಾಕಿದ್ದೆ. ಕೌದಿ ತೋರಿಸಿದೆ. ಅವರ ಮುಖ ಸಣ್ಣಗಾಯಿತು, ಜವಳಿ ಅಂಗಡಿಯಿಂದ ಅದೇ ಬಣ್ಣದ್ದನ್ನು ತಂದು ಜಲಜಾಕ್ಷಿಗೆ ಉಡಿಸಿದರು. ನಾನು ಹೋಗಲಿಲ್ಲ. ಅವತ್ತು ಮದುವೆಗೆ ಬಂದ ಜನಕ್ಕೆ ಸೋಡಾ ಮಾರಿದೆ. ಮೆಷಿನ್ ನಾನೇ ತಿರುಗಿಸಿದೆ. ನಾದಸ್ವರ ಏರುತ್ತಿದ್ದಂತೆ ಕೆಲವರು ತಿರುಗಿ ತಿರುಗಿ ನನ್ನ ಕಡೆ ನೋಡುತ್ತಿದ್ದರು. ಅಂಗಡಿಯ ಕಂಬದ ಕಡೆಗೂ ನೋಡಿದರು. ನಾನು ನಿಂತೇ ಇದ್ದೆ.

ಅಲ್ಲಿಂದ ಅವರ ಪ್ರೀತಿ ಹಳಸಿತು. ಯಾರೂ ಜಗಳವಾಡಲಿಲ್ಲ, ಕಷಾಯ ಮಾತ್ರ ನಿಂತಿತು. ಆಶೀರ್ವಾದಕ್ಕೆ ಬರುವವರು ನಿಂತರು. 'ಅಕ್ಕ ಕೊಟ್ಟ ಸೀರೆ' ಇನ್ನೂ ಓಡುತ್ತಿತ್ತು. ಕೊನೆಯ ದೃಶ್ಯದಲ್ಲಿ ನಾನು ಕಂಬಕ್ಕೆ ಒರಗುತ್ತಿದ್ದಂತೆ ಯಾವನೋ ಹಿಂದಿನಿಂದ, "ಹೊರಗೆ ಸೋಡಾ ಮಾರ್ತಾವ್ಳೆ ಕಣ್ರೋ!" ಎಂದು ಕೂಗಿದನಂತೆ. ಟಾಕೀಸು ಬಿದ್ದು ಬಿದ್ದು ನಕ್ಕಿತಂತೆ. ಆಮೇಲೆ ಪ್ರತಿ ಆಟದಲ್ಲೂ ಆ ಕೂಗು. ಅಳಲು ಬಂದವರಿಗೆ ಅಳಲಾಗದೆ ಬೇಸರವಾಯಿತು, ಸಿನಿಮಾ ಎತ್ತಿದರು. ಒಳ್ಳೆಯ ಸಿನಿಮಾವನ್ನು ನಾನು ಕೆಡಿಸಿದೆ ಎಂದು ಪರಮೇಶಿ ಬೆಂಚಿನ ಮೇಲೆ ಕೂತು, ನನಗೆ ಕೇಳುವ ಹಾಗೆಯೇ ಹೇಳುತ್ತಿದ್ದ.

ಅಂಗಡಿಯನ್ನೂ ಹಿಂದಿನ ಮನೆಯನ್ನೂ ನಾನು ಬಿಡಲಿಲ್ಲ. ಅವರಿಬ್ಬರು ಸ್ಕೂಲಿನ ಹತ್ತಿರ ಒಂದು ರೂಮು ಹಿಡಿದರು. ನರಹರಿ ಬೆಳಿಗ್ಗೆ ಬಂದು ಮೆಷಿನ್ ತಿರುಗಿಸಿ, ಕತ್ತಲಾಗುವ ಮುಂಚೆ ಹೋಗುತ್ತಿದ್ದರು. ಬರಬೇಡಿ ಎಂದು ನಾನು ಹೇಳಲಿಲ್ಲ, ಮೆಷಿನ್ ಭಾರ. ಮಾತು ಮೊದಲಿನಷ್ಟೇ.

ಊರು ಅಷ್ಟರಲ್ಲಿ ಹೊಸದನ್ನು ಹಿಡಿದಿತ್ತು. ಲೈನ್‌ಮನ್ ಗಿರಿಯಪ್ಪನಿಗೂ ಬಳೆ ಅಂಗಡಿಯ ಸುಕನ್ಯಾಗೂ ಮದುವೆ ಗೊತ್ತಾಗಿತ್ತು. ಹೊಸದಾಗಿ ಬಂದ ಸಿನಿಮಾದಲ್ಲಿ ಅವರಿಬ್ಬರು ಅಣ್ಣ-ತಂಗಿ. ತಂಗಿಗಾಗಿ ಅಣ್ಣ ಜೈಲಿಗೆ ಹೋಗುವ ಕಥೆ. ಬೆಂಚಿನ ಮೇಲೆ ಬೇರೆ ಮಾತೇ ಇಲ್ಲ. "ಆ ಜೈಲಿನ ಸೀನು ನೋಡಿದ ಮೇಲೆ ಅವರಿಬ್ಬರನ್ನ ಗಂಡ-ಹೆಂಡ್ತಿ ಅಂತ ಹೇಗೆ ನೋಡೋದು?" ಎಂದ ಪರಮೇಶಿ. ಯಾರೋ ನರಹರಿಯ ಹೆಸರೆತ್ತಿದರು. ಅವರು ಎರಡು ಮಾರು ದೂರದಲ್ಲಿ ಬಾಟಲಿಗೆ ಗ್ಯಾಸ್ ತುಂಬುತ್ತಿದ್ದರು. "ಬಿಡಿ ಅದನ್ನ. ಈಗ ನೋಡಿದ್ರೆ ಬರೀ ಓವರ್ ಆಕ್ಟಿಂಗ್," ಎಂದ ಪರಮೇಶಿ. ನರಹರಿಯ ಕೈ ನಿಂತಿತು. ಮತ್ತೆ ತಿರುಗಿಸತೊಡಗಿದರು. ಎರಡು ತಿಂಗಳಲ್ಲಿ ಸುಕನ್ಯಾಳಿಗೆ ಗೊತ್ತಾಗಿದ್ದ ಮದುವೆ ಮುರಿಯಿತು. ನಾನು ಅವರ ಮನೆಗೆ ಹೋಗಿ ಸಿನಿಮಾಕ್ಕಾಗಿ ಸಂಬಂಧ ಬಿಡಬೇಡಿ ಎಂದು ಅವಳ ತಾಯಿಗೆ ಹೇಳಿ ನೋಡಿದೆ. "ಗಂಡನ್ನ ಬಿಟ್ಟವಳ ಬುದ್ಧಿವಾದ ನಮಗೆ ಬೇಡ," ಎಂದರು ಆಕೆ.

ಕೆಲವು ವರ್ಷದ ಮೇಲೆ ಜಲಜಾಕ್ಷಿ ಒಬ್ಬಳೇ ಬೇರೆ ಊರಿಗೆ ವರ್ಗ ಮಾಡಿಸಿಕೊಂಡಳು. ಬಸ್ ಸ್ಟ್ಯಾಂಡಿಗೆ ನಾನು ಹೋದೆ. ಒಂದು ಟ್ರಂಕು, ಒಂದು ಕೊಡೆ. ಯಾರೂ ಗುಂಪು ಕೂಡಲಿಲ್ಲ. ಅವಳನ್ನು ಗುರುತು ಹಿಡಿಯುವವರೂ ಕಡಿಮೆಯಾಗಿದ್ದರು.

"ಅವರು ಕೆಟ್ಟವರಲ್ಲ ಅಕ್ಕಾ," ಎಂದಳು. "ಆದ್ರೆ ಮನೇಲಿ ನನ್ನ ಜೊತೆ ಮಾತಾಡೋದೇ ಇಲ್ಲ. ಆಡಿದ್ರೆ ಸಿನಿಮಾದ ಮಾತು. ಸಾರಿಗೆ ಉಪ್ಪು ಸರಿ ಇದ್ಯಾ ಅಂತ ಕೇಳಿದೆ ಒಂದಿನ. ನಿನ್ನ ಕೈಯಲ್ಲಿ ವಿಷವೂ ಅಮೃತ ಅಂದ್ರು. ನನಗೆ ಬೇಕಾಗಿದ್ದದ್ದು ಉಪ್ಪು ಸರಿ ಇದ್ಯೋ ಇಲ್ವೋ ಅಂತ."

"ಇತ್ತಾ?" ಎಂದೆ.

"ಜಾಸ್ತಿ ಆಗಿತ್ತು." ಅವಳು ನಕ್ಕಳು, ನಾನೂ ನಕ್ಕೆ. ಬಸ್ಸು ಹತ್ತುವ ಮುಂಚೆ ನನ್ನ ಕೈ ಹಿಡಿದುಕೊಂಡಳು. "ಬನ್ನಿ ನನ್ನ ಜೊತೆ. ಆ ಊರಿನ ಟಾಕೀಸಿನಲ್ಲಿ ಯಾರು ಕಾಣ್ತಾರೆ ಅಂತ ವಿಚಾರಿಸಿದ್ದೀನಿ. ಪೋಸ್ಟರಲ್ಲಿ ಇರೋರೇ ಕಾಣ್ತಾರಂತೆ."

ಅಂಗಡಿ ಇದೆ ಎಂದೆ. ಅವಳು ಒತ್ತಾಯ ಮಾಡಲಿಲ್ಲ.

ಆ ಸಂಜೆ ನರಹರಿ ಮೆಷಿನ್ ನಿಲ್ಲಿಸಿದ ಮೇಲೂ ಹೋಗಲಿಲ್ಲ. ಬೆಂಚು ಒಳಗೆ ಎಳೆದಿಟ್ಟರು. ಬಾಟಲಿ ಎಲ್ಲ ಜೋಡಿಸಿದರು. ಆಮೇಲೆ ಮನೆಯ ಬಾಗಿಲ ಹತ್ತಿರ ಬಂದು ಚೌಕಟ್ಟು ಹಿಡಿದು ನಿಂತರು. ಕೂದಲು ಉದುರಿ ಹಣೆ ಖಾಲಿಯಾಗಿತ್ತು.

"ರೂಮಲ್ಲಿ ಒಬ್ಬನೇ ಇರಕ್ಕೆ ಆಗ್ತಿಲ್ಲ ಅಂಬುಜಾ," ಎಂದರು. "ನಾನು ಮನೆಗೆ ಬರ್ಲಾ?"

ಇಷ್ಟು ವರ್ಷದಲ್ಲಿ ಅವರು ನನ್ನನ್ನು ಒಂದು ಪ್ರಶ್ನೆ ಕೇಳಿದ್ದು ಅದೇ ಮೊದಲು. ಸಿನಿಮಾದ ಧಾಟಿ ಇರಲಿಲ್ಲ. ರಸ್ತೆ ತುಂಬ ಜನ ಸೇರಿದ್ದ ಆ ಭಾನುವಾರ ಹೀಗೆ ನಾಲ್ಕು ಮಾತು ಆಡಿದ್ದರೆ ಏನು ಮಾಡುತ್ತಿದ್ದೆನೋ. ಜಲಜಾಕ್ಷಿ ಬೇಕು ಎಂದೇ ಹೇಳಿದ್ದರೂ ಬಹುಶಃ ನನ್ನ ಮನಸ್ಸು ಇಷ್ಟು ಕಹಿಯಾಗುತ್ತಿರಲಿಲ್ಲ.

"ಬೇಡ," ಎಂದೆ. "ಬೆಳಿಗ್ಗೆ ಕೆಲಸಕ್ಕೆ ಬನ್ನಿ."

ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ನಾನು ಒಲೆ ಹಚ್ಚಿ ಒಬ್ಬಳಿಗಾಗುವಷ್ಟು ಅಕ್ಕಿ ಇಟ್ಟೆ. ಅನ್ನ ಬೇಯುವವರೆಗೆ ಅಲ್ಲೇ ಕೂತು ಅತ್ತೆ. ಆಮೇಲೆ ಉಂಡೆ.

ನಮ್ಮೂರಿನಲ್ಲಿ ಯಾವ ಮಾತೂ ಬಾಗಿಲು ದಾಟದೆ ಇರುವುದಿಲ್ಲ. ಮಾರನೆಯ ದಿನ ಪರಮೇಶಿ ಬೆಂಚಿನ ಮೇಲೆ ಕೂತು, ಕಾಲ ಮೇಲೆ ಕಾಲು ಹಾಕಿ, ಎಂದಿನ ಸಿನಿಮಾ ಚರ್ಚೆಯ ದನಿಯಲ್ಲಿ ಶುರು ಮಾಡಿದ. "ಅಕ್ಕಾ, ಬೇಜಾರಾಗ್ಬೇಡಿ, ನೀವು ಹಾಗೆ ಅಂದಿದ್ದು ನಿಮ್ಮ ಪಾತ್ರಕ್ಕೆ ಹೊಂದಲ್ಲ. ಸಿನಿಮಾದಲ್ಲಾಗಿದ್ರೆ ನೀವು ಕ್ಷಮಿಸಿಬಿಡ್ತಿದ್ರಿ. ಜನ ಎದ್ದು ನಿಂತು ಚಪ್ಪಾಳೆ ಹೊಡೀತಿದ್ರು." ಅಷ್ಟು ಹೇಳಿ ಕೈ ಚಾಚಿದ. "ಒಂದು ಸೋಡಾ ಕೊಡಿ."

ನಾನು ತೊಳೆಯುತ್ತಿದ್ದ ಬಾಟಲಿ ಕೆಳಗಿಟ್ಟೆ.

"ಸೋಡಾ ಇಲ್ಲ," ಎಂದೆ.

ನನ್ನ ಹಿಂದೆ, ಆಗ ತಾನೇ ನರಹರಿ ಗ್ಯಾಸ್ ತುಂಬಿಟ್ಟ ಬಾಟಲಿಗಳು ಹಲಗೆ ತುಂಬ ಸಾಲಾಗಿ ನಿಂತಿದ್ದವು. ಪರಮೇಶಿ ಅವುಗಳನ್ನು ನೋಡಿದ, ನನ್ನನ್ನು ನೋಡಿದ. ನಾನು ಅವನನ್ನೇ ನೋಡುತ್ತಾ ನಿಂತೆ, ಅವನು ಎದ್ದು ಹೋಗುವವರೆಗೂ.